ಜಗಳೂರಿನ ಹಡಗಿನವರು

ಸಮುದ್ರದ ವಿಷಯದಲ್ಲಿ ನನಗೆ ಗೊತ್ತಿರುವುದೆಲ್ಲ ಜಗಳೂರಿನಲ್ಲಿ ಕಲಿತದ್ದು. ಜಗಳೂರು ಕಂಡವರು ಇದನ್ನು ಕೇಳಿ ನಗುತ್ತಾರೆ. ಕೆರೆ ಕೋಡಿ ಬಿದ್ದ ವರ್ಷವನ್ನು ಹಿಡಿದು ಮಕ್ಕಳ ವಯಸ್ಸು ಹೇಳುವ ಊರು ಅದು. ನಾನು ಚನ್ನಗಿರಿಯವನು. ಗುಮಾಸ್ತನಾಗಿ ಕೆಲಸಕ್ಕೆ ಸೇರಿದ್ದು ಹೊನ್ನಾಳಿಯಲ್ಲಿ, ಆಮೇಲೆ ನ್ಯಾಮತಿ. ತುಂಗಭದ್ರೆಯ ನೀರು ಕುಡಿದುಕೊಂಡು ಸುಖವಾಗಿದ್ದವನಿಗೆ ಎರಡನೆಯ ಮಹಾಯುದ್ಧ ಶುರುವಾದ ವರ್ಷ ಜಗಳೂರು ತಾಲ್ಲೂಕು ಕಚೇರಿಗೆ ವರ್ಗವಾಯಿತು. ‘ಏನು ತಪ್ಪು ಮಾಡಿದೆಯೋ?’ ಎಂದು ಅಮ್ಮ ಕೇಳಿದ್ದಳು. ತಪ್ಪೇನೂ ಮಾಡಿರಲಿಲ್ಲ. ಪುಣ್ಯ ಮಾಡಿದ್ದೆ ಎಂದು ಈಗ ಅನಿಸುತ್ತದೆ, ಯಾಕೆಂದರೆ ಹಡಗಿನವರು ಸಿಕ್ಕಿದ್ದು ಅಲ್ಲಿ.

ಹೋದ ತಿಂಗಳು ಕಚೇರಿಯ ಹಳೆಯ ಜವಾನ ನನ್ನನ್ನು ಹುಡುಕಿಕೊಂಡು ಬಂದು, ‘ಹಡಗಿನೋರು ಹೋಗಿಬಿಟ್ರು ಸ್ವಾಮಿ’ ಎಂದ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ‘ಬೊಂಬಾಯಾಗೆ ನನ್ನ ಹೆಸರು ಕಾಗದಕ್ಕೆ ಏರಿದ್ದು ಎರಡೇ ಸಲ ರಾಯರೆ, ಎರಡು ಸಲಾನೂ ತಪ್ಪು ಬರೆದ್ರು’ ಎಂದು ಅವರೇ ಒಮ್ಮೆ ಹೇಳಿದ್ದರು. ಮೂರನೆಯ ಸಲ ತಪ್ಪುವವನು ನಾನಾಗುವುದು ಬೇಡ.

ಆ ಕಾಲದಲ್ಲಿ ನಾನು ಅವರನ್ನು ‘ನೀನು’ ಎನ್ನುತ್ತಿದ್ದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಅವರ ಕೇರಿ ಊರ ಹೊರಗಿತ್ತು, ಅಷ್ಟೇ ಕಾರಣ. ಈಗ ಬರೆಯಲು ಕೂತರೆ ‘ಅವರು’ ಎಂದೇ ಬರುತ್ತದೆ. ಬರಬೇಕಾದ ಕಾಲಕ್ಕೆ ಬರಲಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ.

ಕುಲದ ಕಸುಬು ಹಗ್ಗ ಹೊಸೆಯುವುದು. ಹದಿನೆಂಟರ ಪ್ರಾಯದಲ್ಲಿ ಊರು ಬಿಟ್ಟು ಬೊಂಬಾಯಿಗೆ ಹೋದರು. ಅಲ್ಲಿ ನೌಕಾಪಡೆಯ ಹಡಗುಗಳನ್ನು ಕಟ್ಟುವ, ರಿಪೇರಿ ಮಾಡುವ ಡಾಕ್‌ಯಾರ್ಡಿನಲ್ಲಿ ಹಗ್ಗದ ಶೆಡ್ಡಿಗೆ ಸೇರಿದರು. ಅವರು ಅದನ್ನು ‘ಡಾಕು’ ಎನ್ನುತ್ತಿದ್ದರು. ಇಪ್ಪತ್ತು ವರ್ಷ ದುಡಿದ ಮೇಲೆ ತಂತಿಯ ಹಗ್ಗ ಬಂತು, ನಾರಿನ ಹಗ್ಗಕ್ಕೆ ಕೆಲಸ ಕಡಿಮೆಯಾಯಿತು. ‘ಕಲ್ಲಿದ್ದಲು ಹೊರು ಅಂದ್ರು. ಇದು ಹಗ್ಗ ಹೊಸೆಯೋ ಕೈ ಕಣ್ರಿ, ಊರಾಗೇ ಹೊಸೀತೀನಿ ಅಂತ ಬಂದೆ’ ಎಂದು ಅಂಗೈ ತೋರಿಸುತ್ತಿದ್ದರು. ಅಂಗೈ ಹಲಗೆಯಂತಿತ್ತು.

ಊರಿನವರಿಗೆ ಅವರೊಂದು ತಮಾಷೆ. ‘ಏ ಹಡಗಿನೋನೆ, ನಮ್ಮ ಕೆರೆಗೆ ಯಾವಾಗಪ್ಪಾ ಹಡಗು ಬರೋದು?’ ಎಂದು ಸಂತೆಯಲ್ಲಿ ಕಿಚಾಯಿಸುವರು. ‘ಹಡಗು ಬರಾಕೆ ತಯಾರೈತೆ. ನೀವು ಮೊದ್ಲು ನೀರು ತರ್ಸಿ’ ಎಂದು ಅವರು ಮುಖ ನೋಡದೆ ಉತ್ತರ ಕೊಡುವರು. ಅವರ ಕೇರಿಯವರೆಲ್ಲ ನಮ್ಮನ್ನು ‘ಬುದ್ಧಿ’ ಎನ್ನುತ್ತಿದ್ದರು. ಇವರು ಮಾತ್ರ ‘ರಾಯರೆ’ ಎನ್ನುತ್ತಿದ್ದರು. ಶಾನುಭೋಗರು ಇದಕ್ಕೆ ಒಮ್ಮೆ ರೇಗಿದಾಗ, ‘ಡಾಕಿನಾಗೆ ದೊಡ್ಡ ಸಾಹೇಬನಿಗೂ ಸಾಹೇಬ ಅಂತಿದ್ವಿ ಅಷ್ಟೇಯ. ಅವನೇನೂ ಸಣ್ಣೋನಾಗ್ಲಿಲ್ಲ’ ಎಂದಿದ್ದರು.

ಬಿಚ್ಚಿದ ತುದಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಯಾವ ಹಗ್ಗವಾಗಲಿ, ತುದಿಗೆ ನೂಲು ಸುತ್ತಿ ಬಿಗಿದೇ ತೀರಬೇಕು. ಕಚೇರಿಯ ಬಾವುಟದ ಹಗ್ಗ, ಗಾಡಿಯವನ ಚಾವಟಿ, ಕೊನೆಗೆ ನನ್ನ ಕೊಡೆಯ ದಾರದ ತುದಿಯನ್ನೂ ಅವರು ಬಿಟ್ಟಿರಲಿಲ್ಲ. ನನ್ನ ಕಡತಗಳಿಗೆ ನಾನು ಹಾಕುವ ಗಂಟು ನೋಡಿ ತಲೆ ಚಚ್ಚಿಕೊಂಡಿದ್ದರು. ‘ಬಿಚ್ಚಾಕೆ ಬರದ ಗಂಟು ಗಂಟಲ್ಲ ರಾಯರೆ, ಪೆದ್ದತನ’ ಎಂದು ಅಂಗಳದಲ್ಲಿ ಬೇವಿನ ಕೆಳಗೆ ನಿಂತೇ ನನಗೆ ಮೂರು ಗಂಟು ಕಲಿಸಿದರು. ಜಗಲಿಯ ಮೇಲೆ ನಾನು, ಕೆಳಗೆ ಅವರು. ನಿವೃತ್ತನಾಗುವವರೆಗೂ ನಾನು ಸರ್ಕಾರದ ಕಡತಗಳನ್ನು ನೌಕಾಪಡೆಯ ಗಂಟಿನಲ್ಲೇ ಕಟ್ಟಿದ್ದೇನೆ. ಯಾವ ಮೇಲಧಿಕಾರಿಗೂ ಅದು ತಿಳಿಯಲಿಲ್ಲ.

ಕಚೇರಿಗೆ ಬರುವ ಪತ್ರಿಕೆಯನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಯುದ್ಧದ ಸುದ್ದಿ ಬಂತೆಂದರೆ ಅವರು ಬೇವಿನ ನೆರಳಲ್ಲಿ ಹೊಸೆಯುತ್ತಿದ್ದ ನಾರನ್ನು ಕೆಳಗಿಟ್ಟು ನಿಲ್ಲುವರು. ಆಗಲೇ ನನಗೆ ಡಾಕಿನ ಕತೆಗಳು ಸಿಕ್ಕಿದ್ದು. ಕಲ್ಲಿನಲ್ಲಿ ಕಟ್ಟಿದ ದೊಡ್ಡ ಹೊಂಡ, ಅದಕ್ಕೊಂದು ಬಾಗಿಲು. ಹಡಗು ಒಳಗೆ ಬಂದ ಮೇಲೆ ಬಾಗಿಲು ಹಾಕಿ ನೀರನ್ನೆಲ್ಲ ಹೊರಗೆ ಹಾಯಿಸುತ್ತಾರೆ. ಆಗ ಅಷ್ಟು ದೊಡ್ಡ ಹಡಗು ಬಾಣಂತಿಯ ಹಾಗೆ ಕದಲದೆ ಕೂತಿರುತ್ತದೆ. ‘ಹಡಗಿನ ಬೆನ್ನು ಎಲ್ರೂ ನೋಡ್ತಾರೆ. ನಾನು ಅದರ ಹೊಟ್ಟೆ ನೋಡಿದೋನು’ ಎಂದು ಎದೆ ಉಬ್ಬಿಸುವರು. ಆ ಕಲ್ಲು ಹಾಸಿದವರ ಮೊಮ್ಮಕ್ಕಳ ಮೊಮ್ಮಕ್ಕಳೂ ಅಲ್ಲೇ ಕೆಲಸ ಮಾಡುತ್ತಿದ್ದರಂತೆ. ಕಬ್ಬಿಣದ ಹಡಗು ಬರುವ ಮೊದಲು ಅಲ್ಲಿ ತೇಗದ ಹಡಗು ಕಟ್ಟುತ್ತಿದ್ದರು. ಕಟ್ಟಿದ ಮೇಸ್ತ್ರಿಗಳು ನಮ್ಮವರೇ, ಅಪ್ಪನಿಂದ ಮಗನಿಗೆ ಬಂದ ವಿದ್ಯೆ. ಬಿಳಿಯರ ದೇಶದ ಮರ ಹುಳು ಹಿಡಿದು ಕೊಳೆತರೂ ನಮ್ಮ ತೇಗ ತಲೆಮಾರುಗಟ್ಟಲೆ ಅವರ ಫಿರಂಗಿ ಹೊತ್ತಿತಂತೆ. ಆ ಬಡಗಿಗಳು ಹಡಗಿನ ಒಳಮೈಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ತಮ್ಮದೊಂದು ಗುರುತು ಕೆತ್ತಿಡುತ್ತಿದ್ದರೆಂದು ಹಳಬರು ಹೇಳುತ್ತಿದ್ದರಂತೆ.

‘ಯಾರಿಗೂ ಕಾಣದ ಮೇಲೆ ಯಾಕಯ್ಯಾ ಕೆತ್ತೋದು?’ ಎಂದೆ.

‘ಕೆತ್ತಿದೋನಿಗೆ ಗೊತ್ತಿರ್ತೈತಲ್ಲ ರಾಯರೆ.’

ಯುದ್ಧ ಬಿಗಿಯಾದ ಮೇಲೆ ಅಲ್ಲೇ ಉಳಿದಿದ್ದ ಅವರ ಗೆಳೆಯನೊಬ್ಬನಿಂದ ಕಾಗದಗಳು ಬರುತ್ತಿದ್ದವು. ಓದುವ ಕೆಲಸ ನನ್ನದು. ಡಾಕು ಈಗ ಪೂರಾ ದಂಡಿನ ನೆಲೆಯಾಗಿದೆ, ಗೇಟಿಗೆ ಬಂದೂಕಿನವರು, ಹಡಗುಗಳಿಗೆಲ್ಲ ಬೂದಿಯ ಬಣ್ಣ, ಗಾಯಗೊಂಡ ಹಡಗುಗಳು ಸಾಲುಗಟ್ಟಿ ಕಾಯುತ್ತಿವೆ ಎಂದೆಲ್ಲ ಬರೆದಿರುತ್ತಿತ್ತು. ಅದನ್ನು ಕೇಳುವಾಗ ಅವರ ಕೈ ಸುಮ್ಮನೆ ಗಾಳಿಯಲ್ಲಿ ಹೊಸೆಯುತ್ತಿತ್ತು. ಒಂದು ಸಲ ನಾನು, ‘ಅಲ್ಲಿ ನಿನಗೆ ಎಲ್ಲಕ್ಕಿಂತ ಏನು ಇಷ್ಟವಾಗಿತ್ತು?’ ಎಂದು ಕೇಳಿದೆ. ಹಡಗು, ತೋಪು ಏನಾದರೂ ಹೇಳುತ್ತಾರೆಂದು ಕಾದೆ.

‘ಗೇಟಿನ ಹತ್ರದ ನಲ್ಲಿ’ ಎಂದರು. ‘ಮೊದಮೊದ್ಲು ಅಲ್ಲೂ ನಮಗೆ ಬೇರೆ ಲೋಟ ಇತ್ತು. ಆಮೇಲೆ ನಲ್ಲಿ ಹಾಕ್ಸಿದ್ರು. ನಲ್ಲಿಗೆ ಜಾತಿ ಕೇಳಾಕೆ ಬಾಯಿಲ್ಲ ನೋಡ್ರಿ.’

ನಾನು ಪತ್ರಿಕೆ ಮಡಿಸಿ ಒಳಗೆ ಹೋದೆ.

ಯಾಕೆಂದರೆ ನಮ್ಮ ಕಚೇರಿ ಅಂಗಳದ ಬಾವಿಯ ಹಗ್ಗ ಅವರು ಹೊಸೆದದ್ದೇ. ಜಗಳೂರಿನ ಬಾವಿಗಳು ಆಳ. ಮೊದಲೆಲ್ಲ ಸಂತೆಯ ಹಗ್ಗ ನಾಲ್ಕು ತಿಂಗಳಿಗೆ ಹರಿದು ಕೊಡ ಬಾವಿ ಪಾಲಾಗುತ್ತಿತ್ತು. ಇವರ ಹಗ್ಗ ಎರಡು ಬೇಸಿಗೆ ಕಂಡರೂ ಜಗ್ಗಲಿಲ್ಲ. ಹೊಸ ಹಗ್ಗ ತಂದಾಗ ಬೇವಿನ ಕೆಳಗೆ ನೆಲದ ಮೇಲಿಟ್ಟು ದೂರ ಸರಿಯಬೇಕು. ಜವಾನ ಅದರ ಮೇಲೆ ನೀರು ಚಿಮುಕಿಸಿ ಎತ್ತಿಕೊಳ್ಳುವನು. ಅವರು ನಗುತ್ತಾ, ‘ಹಾಕು ಹಾಕು, ನೆನೆದ್ರೆ ನನ್ನ ಹಗ್ಗ ಇನ್ನೂ ಗಟ್ಟಿ ಆಗ್ತೈತೆ’ ಎನ್ನುವರು. ಆ ಬಾವಿಯ ನೀರನ್ನು ನಾವೆಲ್ಲ ಕುಡಿದೆವು. ಅವರ ಹೆಂಡತಿ ಮಾತ್ರ ಮೈಲು ದೂರದ ಹಳ್ಳದಲ್ಲಿ ಮರಳು ತೋಡಿ ನೀರು ಬಸಿದು ತರುತ್ತಿದ್ದರು.

ಆ ಹಗ್ಗದಿಂದಲೇ ಅವರಿಗೆ ಕಂಟಕ ಬಂತು.

ನೌಕಾಪಡೆಗೆ ಆಳು ಸೇರಿಸಿಕೊಳ್ಳಲು ಒಬ್ಬ ಅಧಿಕಾರಿ ಊರೂರು ತಿರುಗುತ್ತಾ ಜಗಳೂರಿಗೂ ಬಂದ. ಬಿಳಿ ಉಡುಪಿನ, ಉತ್ತರದ ಕಡೆಯ ಹಿಂದೂಸ್ತಾನಿ ಮನುಷ್ಯ. ಬೆಳಿಗ್ಗೆ ಕಚೇರಿಗೆ ಬಂದವನು ಮುಖ ತೊಳೆಯಲು ಬಾವಿಯ ಬಳಿ ಹೋದ. ಜವಾನ ನೀರು ಸೇದುತ್ತಿದ್ದ. ಅಧಿಕಾರಿಯ ಕಣ್ಣು ಹಗ್ಗದ ಮೇಲೆ ಬಿತ್ತು. ಅದನ್ನು ಕೈಗೆ ತೆಗೆದುಕೊಂಡು, ಹುರಿಯನ್ನು ತಿರುಗಿಸಿ ಬಿಚ್ಚಿ ನೋಡಿದ. ನಾರಿನ ನಡುವೆ ಹಳದಿ ನೂಲಿನ ಒಂದೇ ಒಂದು ಎಳೆ ಕಂಡಿತು.

ಮುಖ ತೊಳೆಯುವುದನ್ನು ಬಿಟ್ಟು ನೇರ ತಾಲ್ಲೂಕಿನ ಮುಖ್ಯಸ್ಥರಾದ ಅಮಲ್ದಾರರ ಬಳಿಗೆ ಬಂದ. ಡಾಕಿನಲ್ಲಿ ತಯಾರಾಗುವ ಪ್ರತಿಯೊಂದು ಹಗ್ಗದ ಹೊಟ್ಟೆಯಲ್ಲೂ ಇಂಥ ಬಣ್ಣದ ನೂಲು ಸೇರಿಸುತ್ತಾರೆ, ಯಾರಾದರೂ ಕದ್ದು ತುದಿ ಕತ್ತರಿಸಿ ಮಾರಿದರೂ ಗುರುತು ಹೋಗದಿರಲಿ ಎಂದು. ಇದು ಸರ್ಕಾರದ ಸೊತ್ತು, ಯುದ್ಧಕಾಲದಲ್ಲಿ ಇದಕ್ಕೆ ಜೈಲು ಖಂಡಿತ ಎಂದ. ಅಮಲ್ದಾರರು ಒಳ್ಳೆಯವರು, ಅಂಜುಬುರುಕರು. ಬೆವರು ಒರೆಸಿಕೊಂಡು ಹಗ್ಗ ಹೊಸೆದವರನ್ನು ಕರೆಸಿದರು. ಮನೆ ಶೋಧಿಸಲು ಹೋದ ಪೊಲೀಸ್ ಜಮೇದಾರ ಹಳದಿ ನೂಲಿನ ಉಂಡೆಯನ್ನೇ ಹಿಡಿದು ತಂದ. ಶಾನುಭೋಗರು ಕಾದಿದ್ದವರಂತೆ, ‘ನಾನು ಮೊದಲೇ ಹೇಳಿದ್ದೆ, ಬೊಂಬಾಯಿಂದ ಗಂಟುಗಟ್ಟಲೆ ಹೊತ್ಕೊಂಡು ಬಂದಾನೆ’ ಎಂದರು. ಅಂಗಳದಲ್ಲಿ ಜನ ಸೇರಿತು. ಪಂಚನಾಮೆ ಬರೆಯಲು ನಾನು ಕೂತೆ. ಮಾಡದ ಕಳವಿಗೆ ಆ ಮನುಷ್ಯ ಬೇಡಿ ತೊಟ್ಟು ಹೋಗುವುದನ್ನು ನನ್ನ ಅಕ್ಷರದಲ್ಲೇ ಬರೆಯಬೇಕಾಗಿತ್ತು.

‘ಈ ನೂಲು ನೀನು ಹಾಕಿದ್ದೇನಯ್ಯಾ?’ ಅಮಲ್ದಾರರು ಕೇಳಿದರು.

‘ಹೌದ್ರಿ, ನಾನೇ.’

‘ಯಾಕೆ?’

‘ಡಾಕಿನಾಗೆ ಇಪ್ಪತ್ತು ವರ್ಷ ಹಾಕಿದ ಕೈ ಸ್ವಾಮಿ, ಇಲ್ದಿದ್ರೆ ಹಗ್ಗ ಹೊಸೆದಂಗೇ ಅನ್ಸಲ್ಲ. ಅಲ್ಲಿ ಸರ್ಕಾರದ್ದು ಅಂತ ಹಾಕ್ತಿದ್ವಿ. ಇಲ್ಲಿ ನಂದು ಅಂತ ಹಾಕ್ದೆ. ಹರಿದ್ರೆ ಬೈಗುಳ ನನಗೇ ಬರ್ಲಿ. ಹರೀದಿದ್ರೆ ಹೆಸರೂ ನನಗೇ ಬರ್ಲಿ.’

‘ಬೇರೆ ಬಣ್ಣ ಹಾಕಬಾರದಾಗಿತ್ತೇ ಮಹರಾಯ!’

‘ಮನ್ಯಾಗೆ ಅರಿಶಿಣ ಇತ್ತು. ಅದನ್ನೇ ಹಚ್ದೆ’ ಎಂದರು. ಆಮೇಲೆ ತಾವೇ ತಮ್ಮ ಮಾತಿಗೆ ಕಿವಿಗೊಟ್ಟವರಂತೆ ಒಂದು ಕ್ಷಣ ನಿಂತು, ‘ಸ್ವಾಮಿ, ನಿಮ್ಮ ಎಲೆಯಡಿಕೆ ಪೆಟ್ಟಿಗೆಯಿಂದ ಒಂದು ಚೂರು ಸುಣ್ಣ ಕೊಡಿಸ್ರಿ’ ಎಂದರು.

ಜವಾನ ಬೆರಳ ತುದಿಯಲ್ಲಿ ಸುಣ್ಣ ತಂದ. ‘ಸಾಹೇಬ್ರ ಕೈಲೇ ಹಚ್ಸು’ ಎಂದರು. ಅಧಿಕಾರಿ ಅನುಮಾನದಿಂದಲೇ ಬಾವಿ ಹಗ್ಗದ ನೂಲಿಗೆ ಸುಣ್ಣ ತಿಕ್ಕಿದ. ಹಳದಿ ಹೋಗಿ ಕುಂಕುಮದ ಕೆಂಪಾಯಿತು. ಆರತಿ ನೀರು ಕಲೆಸಿದ ನಮ್ಮ ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ. ಅಧಿಕಾರಿ ಮಾತ್ರ ಬೆರಳನ್ನೇ ನೋಡುತ್ತಾ ನಿಂತ. ಅವರು ಆಗ ಸೀದಾ ಅವನ ಕಡೆ ತಿರುಗಿ ಹಿಂದೂಸ್ತಾನಿಯಲ್ಲಿ ಮಾತಾಡಿದರು. ಡಾಕಿನ ನೂಲಿನ ಬಣ್ಣ ಬೇರೆ, ಅದಕ್ಕೆ ಸುಣ್ಣವಲ್ಲ ಆಸಿಡ್ಡು ಹಾಕಿದರೂ ತಿರುಗದು, ನೀವು ನೌಕಾಪಡೆಯವರು ನಿಮಗೇ ಗೊತ್ತಿರಬೇಕು ಎಂದರು. ಅಷ್ಟು ಹಿಂದೂಸ್ತಾನಿ ನಮ್ಮ ಅಮಲ್ದಾರರಿಗೂ ಬರುತ್ತಿರಲಿಲ್ಲ. ಶಾನುಭೋಗರ ಮುಖ ಸಣ್ಣದಾಯಿತು.

ಅಧಿಕಾರಿ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ನೂಲು ನಿನ್ನದೇ ಇರಬಹುದು, ಆದರೆ ಇಷ್ಟು ಬಿಗಿಯಾದ, ಇಷ್ಟು ಸಮನಾದ ಹುರಿ ಹಳ್ಳಿಯ ಗುಡಿಸಲಲ್ಲಿ ಆಗುವಂಥದ್ದಲ್ಲ ಎಂದ. ಅವರು ಇದನ್ನು ಕೇಳಿ ನಕ್ಕರು. ಕಳ್ಳನೆಂದು ಕರೆಸಿಕೊಂಡ ಮನುಷ್ಯ ಹಾಗೆ ನಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ‘ಹಂಗಾದ್ರೆ ಇಲ್ಲೇ ಹೊಸೀತೀನಿ, ನೋಡ್ರಿ’ ಎಂದರು.

ಅವರ ಹೆಂಡತಿ ಪುಂಡಿ ನಾರಿನ ಎಳೆಗಳನ್ನೂ, ಮೂರು ಕೊಕ್ಕೆ ಇರುವ ಮರದ ಚೌಕಟ್ಟನ್ನೂ, ಮೂರು ಗೀರು ಕೊರೆದ ಬುಗುರಿಯಂಥ ಮರದ ತುಂಡನ್ನೂ ಹೊತ್ತು ತಂದರು. ಕಚೇರಿ ಬಾಗಿಲಿನಿಂದ ಪೇಟೆಯ ಮುಖಕ್ಕೆ ಉದ್ದಕ್ಕೆ ಎಳೆಗಳನ್ನು ಹಾಸಿದ್ದಾಯಿತು. ಒಂದು ತುದಿಯಲ್ಲಿ ಚೌಕಟ್ಟು ತಿರುಗಿಸಲು ಹೆಂಡತಿ ನಿಂತರು. ಇನ್ನೊಂದು ತುದಿಯ ಕೊಕ್ಕೆ ಹಿಡಿದು ಜಗ್ಗಲು ಒಬ್ಬರು ಬೇಕು. ಅವರು ಮುಟ್ಟಿದ ಹಗ್ಗ, ಮೇಲಾಗಿ ಕಳ್ಳತನದ ಆಪಾದನೆ. ಸೇರಿದ್ದ ಅಷ್ಟು ಜನರಲ್ಲಿ ಒಬ್ಬರೂ ಕದಲಲಿಲ್ಲ. ಅಮಲ್ದಾರರು ನನ್ನ ಕಡೆ ನೋಡಿದರು. ನಾನು ಲೇಖನಿ ಇಟ್ಟು ಎದ್ದೆ. ಧೈರ್ಯದಿಂದ ಎದ್ದೆನೆಂದು ಬರೆದರೆ ಸುಳ್ಳಾಗುತ್ತದೆ. ಮೇಲಧಿಕಾರಿ ನೋಡಿದರು, ಎದ್ದೆ. ಆದರೆ ಎದ್ದದ್ದಕ್ಕೆ ಇವತ್ತಿಗೂ ಹೆಮ್ಮೆಯಿದೆ.

ಚೌಕಟ್ಟು ತಿರುಗಿದಂತೆ ಎಳೆಗಳು ಹುರಿಗೊಂಡು ಗಿಡ್ಡವಾಗುತ್ತಾ ನನ್ನನ್ನು ಮುಂದಕ್ಕೆ ಎಳೆಯತೊಡಗಿದವು. ನಾನು ಸೋತು ನಾಲ್ಕು ಹೆಜ್ಜೆ ಓಡಿಯೇ ಬಿಟ್ಟೆ. ‘ಅಯ್ಯ, ಹಿಂದಕ್ಕೆ ಜಗ್ಗಿ ನಿಂದ್ರಿ ರಾಯರೆ! ಕೊಟ್ಟ ಹಾಗೂ ಇರ್ಬೇಕು, ಕೊಡದ ಹಾಗೂ ಇರ್ಬೇಕು!’ ಎಂದು ಹೆಂಡತಿ ಆ ತುದಿಯಿಂದ ಗದರಿದರು. ಪೇಟೆಯೆಲ್ಲ ನಕ್ಕಿತು. ಅವರು ಬುಗುರಿಯಂಥ ತುಂಡನ್ನು ಎಳೆಗಳ ನಡುವೆ ಹಿಡಿದು ನನ್ನ ಕಡೆಯಿಂದ ಹೆಂಡತಿಯ ಕಡೆಗೆ ಹೆಜ್ಜೆ ಹೆಜ್ಜೆಯಾಗಿ ನಡೆದರು. ಅವರ ಬೆನ್ನ ಹಿಂದೆ ಮೂರು ಹುರಿ ಒಂದಾಗಿ ಹಗ್ಗ ಹುಟ್ಟುತ್ತಾ ಬಂತು. ಆ ಹೊತ್ತಿನಲ್ಲಿ ಅವರು ಯಾರ ಕಡೆಯೂ ನೋಡಲಿಲ್ಲ. ಅಧಿಕಾರಿ ಪಕ್ಕದಲ್ಲೇ ನಡೆಯುತ್ತಿದ್ದವನು ನಡುದಾರಿಯಲ್ಲಿ ತನ್ನ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬಿಸಿಲಿಗೆ ತೆಗೆದನೋ, ಗೌರವಕ್ಕೆ ತೆಗೆದನೋ ಕೇಳಲು ನನಗೆ ಬರುವ ಅರೆಬರೆ ಹಿಂದೂಸ್ತಾನಿ ಸಾಲಲಿಲ್ಲ.

ಮುಗಿದ ಹಗ್ಗವನ್ನು ಬೆರಳಿನಿಂದ ತಡವಿ ನೋಡಿ ಅಧಿಕಾರಿ ತಪ್ಪಾಯಿತೆಂದ. ಡಾಕಿಗೆ ಈಗ ಇಂಥ ಕೈಗಳು ಬೇಕು, ಬರುವುದಾದರೆ ನಾನೇ ಕಾಗದ ಬರೆಯುತ್ತೇನೆ ಎಂದೂ ಹೇಳಿದ. ‘ಆಯ್ತಪ್ಪ, ದೇವರು ದೊಡ್ಡವನು, ಮನೆಗೆ ಹೋಗು’ ಎಂದು ಅಮಲ್ದಾರರು ಉಸಿರು ಬಿಟ್ಟರು.

‘ಎಲ್ಲಿ ಆಯ್ತು ಸ್ವಾಮಿ?’ ಅವರು ಹಗ್ಗ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡರು. ‘ಪರೀಕ್ಷೆ ಆಗ್ಬೇಕಲ್ಲ. ಡಾಕಿನ ಪದ್ಧತಿ ಸಾಹೇಬ್ರನ್ನೇ ಕೇಳ್ರಿ. ಹೊಸೆದೋನೇ ಮೊದ್ಲು ಭಾರ ಹಾಕಿ ಎಳೀಬೇಕು. ಆಮೇಲೆ ಮಿಕ್ಕೋರು.’

ಹೀಗೆಂದು ಬಾವಿಯ ಕಡೆ ನಡೆದರು. ಜನರಲ್ಲಿ ಗುಜುಗುಜು ಎದ್ದಿತು. ಶಾನುಭೋಗರು ಅಡ್ಡ ಬಂದು, ‘ಏಯ್, ಎಲ್ಲಿಗೋ?’ ಎಂದರು. ಅಧಿಕಾರಿ ಹೌದು ಹೌದು, ನಮ್ಮಲ್ಲಿ ಹಾಗೇ, ಯಾಕೆ ತಡೆಯುತ್ತೀರಿ ಎಂದು ಅಮಲ್ದಾರರನ್ನು ಕೇಳಿದ. ಅಮಲ್ದಾರರ ಸ್ಥಿತಿ ನನಗೆ ಗೊತ್ತು. ಈ ಮನುಷ್ಯ ಹೊಸೆದ ಹಗ್ಗ ಬಾವಿಗಿಳಿಯಬಹುದು, ಇವನ ಕೈ ಇಳಿಯಬಾರದು ಎಂಬ ಮಾತನ್ನು ಆ ಪರಸ್ಥಳದವನಿಗೆ ಬಾಯಿಬಿಟ್ಟು ಹೇಳಬೇಕಿತ್ತು. ಅಂಜುಬುರುಕರಿಗೂ ಒಂದೊಂದು ದಿನ ಇರುತ್ತದೆ. ಅಮಲ್ದಾರರು ಶಾಲು ಸರಿಮಾಡಿಕೊಂಡು, ‘ಸೇದಪ್ಪ’ ಎಂದರು.

ಕೊಡ ಬಾವಿಗಿಳಿಯಿತು. ಅವರು ಹಗ್ಗವನ್ನು ಮಾರು ಮಾರಾಗಿ ಅಳೆಯುತ್ತಾ ಬಿಟ್ಟರು. ತುಂಬಿದ ಕೊಡ ಮೇಲೆ ಬಂದಾಗ ಕಟ್ಟೆಯ ಮೇಲಿಟ್ಟು ಅಂಗೈಯಲ್ಲಿ ನೀರು ಹಿಡಿದು ಕುಡಿದರು. ಒಂದು ಗುಟುಕಲ್ಲ, ಹೊಟ್ಟೆ ತುಂಬ. ಆಮೇಲೆ ನನ್ನನ್ನು ನೋಡಿ, ‘ಕೊಕ್ಕೆ ಹಿಡಿದೋರಿಗೂ ಬಾಯಾರಿರ್ತೈತೆ’ ಎಂದರು. ನಾನು ಹೋಗಿ ಬೊಗಸೆ ಒಡ್ಡಿದೆ. ಅವರು ಹೊಯ್ದರು.

ಅವರು ಡಾಕಿಗೆ ಹಿಂದಿರುಗಲಿಲ್ಲ. ಯಾಕೆಂದು ಆಮೇಲೆ ಕೇಳಿದ್ದಕ್ಕೆ, ‘ಅಲ್ಲಿ ನಲ್ಲಿ ಐತೆ ರಾಯರೆ, ಅವರಿಗೆ ನಾನ್ಯಾಕೆ? ನಾನು ಬೇಕಾದ್ದು ಈ ಬಾವಿಗೆ’ ಎಂದಿದ್ದರು. ನೀರು ಸೇದಿದ ದಿನದ ಸಂಜೆಯೇ ಪೇಟೆಯ ನಾಲ್ಕು ಮಂದಿ ಬಾವಿ ಮೈಲಿಗೆಯಾಯಿತು, ಶುದ್ಧಿ ಮಾಡಿಸಬೇಕು ಎಂದು ಅಮಲ್ದಾರರ ಬಳಿ ಬಂದರು. ‘ಸರ್ಕಾರಿ ಅಪ್ಪಣೆಯಂತೆ ಹಗ್ಗದ ಪರೀಕ್ಷೆ ನಡೆದಿದೆ, ಪಂಚನಾಮೆಯಲ್ಲಿ ದಾಖಲಾಗಿದೆ. ನಿಮ್ಮ ತಕರಾರೇನಿದ್ದರೂ ಕಾರಣ ಬರೆದು ಸಹಿ ಹಾಕಿ ಅರ್ಜಿ ಕೊಡಿ, ಮೇಲಿನ ಹುಜೂರು ಕಚೇರಿಗೆ ಕಳಿಸುತ್ತೇನೆ’ ಎಂದರು ಅಮಲ್ದಾರರು. ನಾನು ಕಾಗದ, ಮಸಿ ಮುಂದಿಟ್ಟೆ. ಒಬ್ಬರೂ ಲೇಖನಿ ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಕಚೇರಿಗೆ ಬರುವಷ್ಟರಲ್ಲಿ ಅವರ ಹೆಂಡತಿ ಬಾವಿಕಟ್ಟೆಯ ಬಳಿ ನಿಂತಿದ್ದರು. ಕೊಡ ಆಗಲೇ ತುಂಬಿ ಸೊಂಟ ಏರಿತ್ತು, ಇನ್ನೊಂದು ಕೊಡ ಕಟ್ಟೆಯ ಮೇಲಿತ್ತು. ಜವಾನ ದೂರದಲ್ಲಿ ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡುತ್ತಿದ್ದ. ‘ಏನಮ್ಮಾ ಇದು?’ ಎಂದೆ.

‘ಪರೀಕ್ಷೆ ರಾಯರೆ’ ಎಂದರು ಆಕೆ, ನನ್ನ ಕಣ್ಣಲ್ಲಿ ಕಣ್ಣಿಟ್ಟು. ‘ಒಂದೇ ದಿನಕ್ಕೆ ಮುಗಿಯಂಗಿಲ್ಲಂತೆ. ದಿನಾ ಬಂದು ಮಾಡಾಕೆ ಹೇಳ್ಯಾರೆ.’